ಗುಡ್ಡ ಹತ್ತುವವರೂ ಹತ್ತದವರೂ ಕೂಡಿ ಚಿಕ್ಕಮಗಳೂರಿಗೆ

ಜನವರಿ ಕೊನೆಗೆ ಎಲ್ಲರೂ ಸೇರಿ ಬೆಟ್ಟದ ಕಡೆ ಎಲ್ಲಾದರೂ ಹೋಗೋಣ ಅಂತ ಅಣ್ಣ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದೇ ತಡ, ಬೇಡಿಕೆಗಳು ಶುರುವಾದವು. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಆಗದು, ದೇವಸ್ಥಾನ ಬೇಕು. ಚಿಕ್ಕಮ್ಮ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ಅವರಿಗೂ ದೇವಸ್ಥಾನವೇ ಬೇಕು, ಆದರೆ ಅಮ್ಮನ ದೇವಸ್ಥಾನ ಬೇರೆ, ಅವರ ದೇವಸ್ಥಾನ ಬೇರೆ. ಅಣ್ಣನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ, ಚಾರಣ ಇಲ್ಲದಿದ್ದರೆ ಬರೋದೇ ಇಲ್ಲ ಅಂದಳು. ಅವಳಪ್ಪನಿಗೆ ರಜೆ ಸಿಗಲಿಲ್ಲ, ಲ್ಯಾಪ್‌ಟಾಪ್ ಹೊತ್ತುಕೊಂಡೇ ಬರಬೇಕು. ಯುಕೆಜಿ ಓದುವ ನನ್ನ ಮಗನಿಗೆ ತಿರುವುಗಳಲ್ಲಿ ವಾಂತಿ. ನನ್ನ ಗಂಡನಿಗೆ ಒಳ್ಳೆ ಕಾಫಿ ಸಿಕ್ಕಿದರೆ ಸಾಕು. ನನಗೆ ಇವರೆಲ್ಲ ಒಬ್ಬರನ್ನೊಬ್ಬರು ಬೈದುಕೊಳ್ಳದೆ ಮನೆಗೆ ವಾಪಸ್ ಬಂದರೆ ಸಾಕು.

ಇಷ್ಟು ಜನಕ್ಕೂ ಹಿಡಿಸುವ ಒಂದು ಜಾಗ ಹುಡುಕುವುದು ವ್ಯರ್ಥ ಅಂತ ನನ್ನ ಅಭಿಪ್ರಾಯ. ಬೆಳಿಗ್ಗೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿ, ರಾತ್ರಿ ಊಟಕ್ಕೆ ಒಂದೇ ಮೇಜಿಗೆ ಬರುವಂಥ ಊರು ಹುಡುಕಬೇಕು. ಚಿಕ್ಕಮಗಳೂರು ಹಾಗಿದೆ. ಊರೇ ಸಾವಿರ ಮೀಟರ್ ಎತ್ತರದಲ್ಲಿದೆ. ಉತ್ತರಕ್ಕೆ ಚಂದ್ರದ್ರೋಣ ಪರ್ವತಶ್ರೇಣಿ, ತೆಂಕಣಕ್ಕೂ ಮೂಡಣಕ್ಕೂ ಹೊಯ್ಸಳರ ಬಯಲು, ಪಡುವಣಕ್ಕೆ ಕಾಫಿ ತೋಟ, ಆಚೆ ಭದ್ರಾ ಕಾಡು. ಯಾವ ಕಡೆ ಹೊರಟರೂ ಒಂದು, ಒಂದೂವರೆ ಗಂಟೆ.

ಅಣ್ಣ ಹೋಂಸ್ಟೇ ಅಂದ. ನಾನು ಬೇಡವೇ ಬೇಡ ಅಂದೆ. ಹೋಂಸ್ಟೇ ಚೆನ್ನಾಗಿರುತ್ತೆ, ಸುಳ್ಳಲ್ಲ. ಆದರೆ ಮುಖ್ಯರಸ್ತೆಯಿಂದ ಒಳಗೆ ಕಚ್ಚಾ ದಾರಿ, ನೆಟ್‌ವರ್ಕ್ ಬಂದರೆ ಬಂತು ಹೋದರೆ ಹೋಯಿತು, ಮಗುವಿಗೆ ಜ್ವರ ಬಂದರೆ ಔಷಧಿ ಅಂಗಡಿಗೆ ಅರ್ಧ ಗಂಟೆ. ಊರೊಳಗೇ, ಲಿಫ್ಟ್ ಇರುವ ಒಂದು ಸಾಧಾರಣ ಹೋಟೆಲ್ ಗೊತ್ತುಮಾಡಿದೆವು. ದೊಡ್ಡ ಟೆಂಪೋ ಬೇಡ, ಎರಡು ಸಣ್ಣ ಕಾರು ಅಂತಲೂ ತೀರ್ಮಾನವಾಯಿತು. ಟೆಂಪೋ ತಂದರೆ ಎಲ್ಲರೂ ಎಲ್ಲಿಗೂ ಹೋಗಲೇಬೇಕಾಗುತ್ತೆ.

ದಿನಗಳ ವಿಷಯದಲ್ಲೂ ನಾನೇ ಗೆದ್ದೆ: ಮಂಗಳವಾರ ಹೊರಟು ಶುಕ್ರವಾರ ವಾಪಸ್. ಶನಿವಾರ, ಭಾನುವಾರ ಬೆಂಗಳೂರಿನ ಅರ್ಧ ಅಲ್ಲೇ ಇರುತ್ತೆ. 2025ರ ಸೆಪ್ಟೆಂಬರ್‌ನಿಂದ ಗಿರಿಗೆ, ಅಂದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಕಡೆ, ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿದೆ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ 600 ವಾಹನ. ವಾರದ ಮಧ್ಯೆಯಾದರೆ ಇದರ ಬಿಸಿ ತಟ್ಟುವುದಿಲ್ಲ. ಡಿಸೆಂಬರ್‌ನಲ್ಲಿ ಹೋಗುವವರು ದತ್ತ ಜಯಂತಿಯ ದಿನಾಂಕವನ್ನೂ ನೋಡಿಕೊಳ್ಳಬೇಕು, ಆ ಹೊತ್ತಿಗೆ ಕೆಲವು ದಿನ ಪ್ರವಾಸಿಗರನ್ನು ಗಿರಿಗೆ ಬಿಡುವುದಿಲ್ಲ.

ಮಂಗಳವಾರ

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಹೇಳಿಕೊಳ್ಳುವಂಥದ್ದೇನಿಲ್ಲ, ರಸ್ತೆ ಚೆನ್ನಾಗಿದೆ. ಮಗ ಮುಂದಿನ ಸೀಟಿನವರೆಗೆ ಕೇಳುವ ಹಾಗೆ ಗೊರಕೆ ಹೊಡೆದ.

ಬೇಲೂರು ದಾರಿಯಲ್ಲೇ ಸಿಗುತ್ತೆ, ಅಲ್ಲಿಂದ ಚಿಕ್ಕಮಗಳೂರು 24 ಕಿಲೋಮೀಟರ್ ಅಷ್ಟೇ. ನಾವು ಮುಟ್ಟಿದಾಗ ಹನ್ನೆರಡರ ಬಿಸಿಲು. ಗೋಪುರ ದಾಟಿ ಒಳಗೆ ಕಾಲಿಟ್ಟರೆ ಕಲ್ಲು ಹಾಸು ಸುಡುತ್ತಿತ್ತು. ಅಮ್ಮ ಮನೆಯಿಂದಲೇ ಎರಡು ಜೊತೆ ದಪ್ಪ ಸಾಕ್ಸ್ ತಂದಿದ್ದಳು, ಒಂದನ್ನು ತಾನು ಹಾಕಿಕೊಂಡು ಇನ್ನೊಂದನ್ನು ತಂಗಿಗೆ ಕೊಟ್ಟಳು. ಉಳಿದವರು ಕುಣಿದುಕೊಂಡು ನೆರಳು ಹುಡುಕಿದೆವು. ಚೆನ್ನಕೇಶವನ ದರ್ಶನ ಮಾಡಿಕೊಂಡು ಅಮ್ಮ ಮಂಟಪದ ತಂಪಿನಲ್ಲಿ ಕೂತಳು. ಬೇಲೂರಲ್ಲಿ ಈಗಲೂ ಪೂಜೆ ನಡೆಯುತ್ತೆ, ಆದ್ದರಿಂದ ಅವಳ ಲೆಕ್ಕದಲ್ಲಿ ಅದು ದೇವಸ್ಥಾನ.

ಚಿಕ್ಕಮ್ಮ ಅಣ್ಣನ ಮಗಳನ್ನು ಗುಡಿಯ ಸುತ್ತಲಿನ ಜಗತಿಯ ಮೇಲೆ ಹತ್ತಿಸಿಕೊಂಡು ಹೋದರು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಇಷ್ಟನ್ನು ಯಾವ ಗೈಡೂ ಹೇಳುತ್ತಾನೆ. ಚಿಕ್ಕಮ್ಮ ಹುಡುಗಿಗೆ ಬೇರೆ ಕೆಲಸ ಕೊಟ್ಟರು. "ಎಲ್ಲರೂ ಮದನಿಕೆಯ ಮುಖ ನೋಡ್ತಾರೆ, ನೀನು ಕಾಲ ಕೆಳಗೆ ನೋಡು" ಅಂದರು. ಪೀಠದ ಅಂಚಿನಲ್ಲಿ ಹಳಗನ್ನಡ ಲಿಪಿಯ ಸಣ್ಣ ಸಾಲುಗಳಿವೆ. ಕೆತ್ತಿದವರು ಹೆಸರು ಹಾಕಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅವಳು ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ಅಕ್ಷರ ಕೂಡಿಸತೊಡಗಿದಳು, "ಇದು ದ ಥರ ಇದೆ ಅಜ್ಜಿ, ಇದು ಸ." ಚಾರಣ ಇಲ್ಲದಿದ್ದರೆ ಬರೋದಿಲ್ಲ ಅಂದಿದ್ದ ಹುಡುಗಿ ಅರ್ಧ ಗಂಟೆ ಕತ್ತೆತ್ತಿಕೊಂಡು ಅಲ್ಲೇ ನಿಂತಿದ್ದಳು.

ಮೂರು ಗಂಟೆಗೆ ಹೋಟೆಲ್. ಅಣ್ಣ ಕೋಣೆಗೆ ಹೋಗಿ ಮೊದಲು ವೈಫೈ ನೋಡಿದ, ಆಮೇಲೆ ಹಾಸಿಗೆ. ಸಂಜೆ ಮಿಕ್ಕವರು ಟೌನ್ ಕ್ಯಾಂಟೀನಿಗೆ ನಡೆದೆವು. ಚಿಕ್ಕಮಗಳೂರಿನವರು ಹೊರಗಿನವರಿಗೆ ಮೊದಲು ಹೇಳುವ ಹೆಸರು ಅದು. ಗತ್ತಿನ ಹೋಟೆಲಲ್ಲ, ತಿಂಡಿಗಳೂ ಬಹಳ ಇಲ್ಲ, ದಿನವಿಡೀ ತೆರೆದಿರುವುದೂ ಇಲ್ಲ. ಜಾಗ ಸಿಗುವ ತನಕ ಬೇರೆಯವರ ಕುರ್ಚಿಯ ಹಿಂದೆ ನಿಲ್ಲಬೇಕು. ಬೆಣ್ಣೆ ಹಾಕಿದ ಮಸಾಲೆ ದೋಸೆ ಬಂತು: ಅಂಚು ಗರಿಗರಿ, ನಡು ಮೆತ್ತಗೆ. ಅಮ್ಮ ಒಂದು ಸಾಕು ಅಂದಳು, ಮಾಣಿ ತಟ್ಟೆ ಎತ್ತುವಾಗ ಇನ್ನೊಂದು ಹೇಳಿದಳು.

ಬುಧವಾರ

ಇಡೀ ಪ್ರವಾಸದಲ್ಲಿ ನಾನು ಹೆಚ್ಚು ತಲೆ ಓಡಿಸಿದ್ದು ಈ ದಿನಕ್ಕೆ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1930 ಮೀಟರ್. ಅಲ್ಲಿಗೆ ನಡೆದು ಹೋಗಬಹುದು, ವಾಹನದಲ್ಲಿ ಬುಡದ ತನಕ ಹೋಗಿ ಮೆಟ್ಟಿಲು ಹತ್ತಬಹುದು, ಸ್ವಲ್ಪ ಕೆಳಗಿನ ಸೀತಾಳಯ್ಯನಗಿರಿಯಲ್ಲೇ ಕೂತು ಬಿಡಬಹುದು. ಮೂರು ಬಗೆಯವರಿಗೂ ಒಂದೇ ಬೆಟ್ಟ, ಒಂದೇ ಬೆಳಿಗ್ಗೆ.

ಅಣ್ಣನಿಗೆ ಒಂಬತ್ತರಿಂದ ಮೀಟಿಂಗ್, ಅವನನ್ನು ಹೋಟೆಲಲ್ಲೇ ಬಿಟ್ಟೆವು. ನಮ್ಮ ಕಾರು ಬೇಡ ಅಂತ ಊರಿನ ಜೀಪು ಹೇಳಿದ್ದೆವು. ಮೇಲಿನ ರಸ್ತೆ ಕಡಿದು, ಅಗಲವೂ ಕಮ್ಮಿ, ಎದುರಿಗೆ ವಾಹನ ಬಂದರೆ ಪ್ರಪಾತದ ಕಡೆಯವರು ಹಿಂದಕ್ಕೆ ತೆಗೆಯಬೇಕು. ಅದು ದಿನಾ ಓಡಾಡುವವರ ಕೆಲಸ. ಆರಕ್ಕೆ ಹೊರಟು ಕೈಮರದ ಚೆಕ್‌ಪೋಸ್ಟಿನಲ್ಲಿ ನೋಂದಣಿ ತೋರಿಸಿದೆವು. ಅಲ್ಲಿಂದ ಮೇಲೆ ಹೋಗುವ ದಾರಿಯಲ್ಲೇ ಸರ್ಪದಾರಿ. ನನ್ನ ಗಂಡ ಮತ್ತು ಅಣ್ಣನ ಮಗಳು ಅಲ್ಲಿ ಇಳಿದರು. ಚಾರಣಕ್ಕೆ ಅರಣ್ಯ ಇಲಾಖೆಯ ನಿಯಮ ಏನಿದೆ ಅಂತ ಹೊರಡುವ ಮೊದಲೇ ನೋಡಿಕೊಳ್ಳಬೇಕು. ಬೇಸಗೆ ಹತ್ತಿರವಾದಂತೆ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಉಂಟು. ಸರ್ಪದಾರಿ ಗುಡ್ಡದ ನೆತ್ತಿಯ ಮೇಲೆ ಹಾವಿನ ಹಾಗೆ ಹೋಗುತ್ತೆ. ಮರದ ನೆರಳು ಇಲ್ಲವೇ ಇಲ್ಲ, ಬರೀ ಹುಲ್ಲು. ಅದಕ್ಕೇ ಏಳರೊಳಗೆ ಹತ್ತಲು ಶುರುಮಾಡಬೇಕು. ನೀರು ತಲೆಗೆ ಎರಡು ಲೀಟರ್.

ಸೀತಾಳಯ್ಯನಗಿರಿಯಲ್ಲಿ ಮಲ್ಲಿಕಾರ್ಜುನನ ದೇವಸ್ಥಾನ. ಅಮ್ಮ, ಚಿಕ್ಕಮ್ಮ ಅಲ್ಲಿ ಇಳಿದರು. ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಇನ್ನೊಂದು ಶಾಲು. ಜನವರಿಯ ಗಾಳಿ ಅಲ್ಲಿ ಕಿವಿ ಕೊಯ್ಯುತ್ತೆ. "ನೀವು ಹೋಗಿ ಬನ್ನಿ, ನಾವು ಇಲ್ಲೇ ಬಿಸಿಲು ಕಾಯಿಸ್ತೀವಿ" ಅಂತ ಅಮ್ಮ ಕಟ್ಟೆ ಹಿಡಿದಳು. ಎದುರಿಗೆ ಮಡಿಕೆ ಮಡಿಕೆಯಾಗಿ ಬೆಟ್ಟ, ಸಂದಿಗಳಲ್ಲಿ ಕಪ್ಪಗೆ ಶೋಲಾ ಕಾಡು, ಕೆಳಗೆ ಮಂಜು ಇನ್ನೂ ಎದ್ದಿರಲಿಲ್ಲ. ಮಂಡಿನೋವಿನವರು ಮುಳ್ಳಯ್ಯನಗಿರಿಗೆ ಹೋಗಲಾಗಲಿಲ್ಲ ಅಂತ ಕೊರಗಬೇಕಿಲ್ಲ. ನೋಟ ಇಲ್ಲಿಂದಲೂ ಅದೇ, ಜನ ಕಮ್ಮಿ.

ನಾನು, ಮಗ ಬುಡದ ತನಕ ಜೀಪಿನಲ್ಲಿ ಹೋಗಿ ಮೆಟ್ಟಿಲು ಹತ್ತಿದೆವು. ನೂರಾರು ಮೆಟ್ಟಿಲು. ಅವನು ಮೊದಲ ಐವತ್ತು ಓಡಿದ, ಆಮೇಲೆ ಎತ್ತಿಕೋ ಅಂದ. ಮೇಲೆ ಮುಳ್ಳಪ್ಪಸ್ವಾಮಿಯ ಗದ್ದುಗೆಯ ಗುಡಿ, ಪಕ್ಕದಲ್ಲಿ ಪೊಲೀಸರ ವೈರ್‌ಲೆಸ್ ಕೇಂದ್ರ. ನಾವು ಹತ್ತಿ ಅರ್ಧ ಗಂಟೆಯ ಮೇಲೆ ಇನ್ನೊಂದು ಬದಿಯಿಂದ ಅವರಿಬ್ಬರೂ ಬಂದರು. ಹುಡುಗಿಯ ಮುಖ ಕೆಂಪಗೆ, ಖುಷಿಯಾಗಿದ್ದಳು. ನನ್ನ ಗಂಡನ ಮುಖವೂ ಕೆಂಪಗೆ, ಕಾರಣ ಬೇರೆ. "ಅತ್ತೆ, ಮಾವ ಮೂರು ಕಡೆ ಕೂತ್ರು" ಅಂತ ಅವಳು ಚಾಡಿ ಹೇಳಿದಳು. ಮಗನಿಗೆ ಮಾತ್ರ ಅಪ್ಪ ಜೀಪಿಲ್ಲದೆ ಬೆಟ್ಟದ ಆಚೆಯಿಂದ ಹೇಗೆ ಬಂದ ಅನ್ನುವುದು ರಾತ್ರಿಯ ತನಕ ಬಗೆಹರಿಯಲಿಲ್ಲ.

ಇಳಿಯುತ್ತ ಅಮ್ಮ, ಚಿಕ್ಕಮ್ಮನನ್ನು ಹತ್ತಿಸಿಕೊಂಡು ಅತ್ತಿಗುಂಡಿಗೆ ಹೋಗಿ ತಿಂಡಿ ತಿಂದೆವು. ಅಲ್ಲಿಂದ ಬಾಬಾಬುಡನ್‌ಗಿರಿ. 1670ರ ಸುಮಾರಿಗೆ ಬಾಬಾ ಬುಡನ್ ಯೆಮನ್ನಿನ ಮೋಕಾದಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟರು ಅನ್ನುವುದು ಎಲ್ಲರೂ ಕೇಳಿದ ಕಥೆ. ಗುಹೆಯಲ್ಲಿ ದತ್ತಾತ್ರೇಯ ಪೀಠ ಅಂತಲೂ ದರ್ಗಾ ಅಂತಲೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಮಾಣಿಕ್ಯಧಾರಾ ಜಲಪಾತ ಬಿಟ್ಟೆವು. ಇಳಿದು ಹತ್ತಬೇಕು, ಜನವರಿಯಲ್ಲಿ ನೀರೂ ಸಣ್ಣದು. ಜಲಪಾತಕ್ಕೇ ಬರುವವರು ಮಳೆ ಮುಗಿಯುತ್ತಿದ್ದಂತೆ, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬರಬೇಕು, ಅದೂ ಕಾಲಿಗೆ ಉಂಬಳ ಹತ್ತಿದರೆ ಕಿರುಚದವರು. ಇಳಿಯುವ ತಿರುವುಗಳಲ್ಲಿ ಮಗ ತನ್ನ ಕೆಲಸ ಮಾಡಿದ. ಜೀಪಿನಾತ ಇದಕ್ಕೆಲ್ಲ ಒಗ್ಗಿದವನು, ಕೇಳುವ ಮೊದಲೇ ಪ್ಲಾಸ್ಟಿಕ್ ಕವರ್ ಚಾಚಿದ್ದ.

ಗುರುವಾರ

ಬೆಳಗಿನ ಜಾವ ಅಣ್ಣನ ಮಗಳು ಮತ್ತು ನನ್ನ ಗಂಡ ಮುತ್ತೋಡಿಗೆ ಹೊರಟರು. ಭದ್ರಾ ಹುಲಿ ಅಭಯಾರಣ್ಯದ ಈ ಕಡೆಯ ಬಾಗಿಲು ಅದು, ಊರಿಂದ ನಲವತ್ತು ಕಿಲೋಮೀಟರಿನೊಳಗೆ. ಹುಲಿ ಕಾಣಲಿಲ್ಲ, ಕಾಟಿ ಕಂಡವು, ಒಂದು ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರಿದ್ದನ್ನು ಹುಡುಗಿ ವಿಡಿಯೊ ಮಾಡಿದ್ದಳು. ಹುಲಿ ಗ್ಯಾರಂಟಿ ಬೇಕಾದವರಿಗೆ ಇದು ಜಾಗವಲ್ಲ. ಹಕ್ಕಿ, ಮರ, ಕಾಡಿನ ವಾಸನೆ ಬೇಕಾದವರಿಗೆ ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ದಂಡವಲ್ಲ.

ನಾನು ಅಮ್ಮನ ಜೊತೆ ಹಿರೇಮಗಳೂರಿಗೆ ಹೋದೆ. ಈಗ ಅದು ಊರಿಗೇ ಸೇರಿಕೊಂಡಿದೆ, ಆಟೋದಲ್ಲಿ ಹತ್ತು ನಿಮಿಷ. ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕಿದ್ದಾಳೆ, ಲಕ್ಷ್ಮಣ ಎಡಕ್ಕೆ. ಬೇರೆಡೆ ಇದು ತಿರುಗಮುರುಗ. ಪರಶುರಾಮನಿಗೆ ರಾಮ ತನ್ನ ಮದುವೆಯ ರೂಪ ತೋರಿಸಿದ್ದು ಹೀಗೆ ಅನ್ನುತ್ತಾರೆ, ಮದುವೆಯಲ್ಲಿ ಹೆಣ್ಣು ಬಲಕ್ಕೆ ತಾನೇ. ಹಿರೇಮಗಳೂರು ಕಣ್ಣನ್ ಅವರಿಂದಾಗಿ ಕನ್ನಡದಲ್ಲಿ ಅರ್ಚನೆ ಮಾಡುವ ಗುಡಿ ಅಂತ ನಾಡಿಗೆಲ್ಲ ಹೆಸರಾದದ್ದು ಇದೇ. ಅಮ್ಮ ಎಂದೂ ಪೂಜೆಯ ಮಧ್ಯೆ ತಲೆ ಆಡಿಸಿದ್ದು ನಾನು ನೋಡಿರಲಿಲ್ಲ. ಇಲ್ಲಿ ಒಂದೊಂದು ಮಾತಿಗೂ "ಹೌದು ಮತ್ತೆ" ಅನ್ನುವ ಹಾಗೆ ತಲೆದೂಗುತ್ತಿದ್ದಳು. ಹತ್ತಿರದ ಈಶ್ವರನ ಗುಡಿಯಲ್ಲಿ ಒಂದು ಯೂಪಸ್ತಂಭವಿದೆ, ಜನಮೇಜಯನ ಸರ್ಪಯಾಗದ್ದು ಅಂತ ಪ್ರತೀತಿ.

ಮಧ್ಯಾಹ್ನ ಎಲ್ಲರೂ, ಲ್ಯಾಪ್‌ಟಾಪ್ ಮುಚ್ಚಿದ ಅಣ್ಣನನ್ನೂ ಸೇರಿಸಿ, ಮಲ್ಲಂದೂರು ರಸ್ತೆಯ ಕಡೆ ಪರಿಚಯದವರ ತೋಟಕ್ಕೆ ಹೋದೆವು. ಪರಿಚಯವಿಲ್ಲದಿದ್ದರೆ ದುಡ್ಡು ತೆಗೆದುಕೊಂಡು ತೋಟ ಸುತ್ತಿಸುವವರು ಬೇಕಾದಷ್ಟು ಇದ್ದಾರೆ. ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ಹೂವು ನೋಡಬೇಕಾದರೆ ಮಾರ್ಚಿನ ಹೂಮಳೆಯ ಮೇಲೆ, ಆದರೆ ಆ ಬಿಳಿ ಎರಡು ಮೂರು ದಿನಕ್ಕೆ ಮುಗಿಯುತ್ತೆ, ರಜೆ ಹಾಕಿ ಕಾಯುವಂಥದ್ದಲ್ಲ.

ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ, ಕೆಳಗೆ ಅರೇಬಿಕಾ ಗಿಡ. ಕುಯ್ಲು ಮುಗಿಯುತ್ತ ಬಂದಿತ್ತು. ತೋಟದ ಯಜಮಾನರು ಒಂದು ಕೆಂಪು ಹಣ್ಣು ಕಿತ್ತು ಮಗನ ಕೈಗೆ ಕೊಟ್ಟು ಹಿಸುಕು ಅಂದರು. ಎರಡು ಬೀಜ ಜಾರಿ ಹೊರಬಂದವು, ಸುತ್ತ ಲೋಳೆ. ಬಾಯಿಗೆ ಹಾಕಿಕೊಂಡವನು "ಇದು ಕಾಫಿ ಅಲ್ಲ, ಸಿಹಿ ಇದೆ" ಅಂತ ವಾದಕ್ಕೆ ನಿಂತ. ಆ ಲೋಳೆ ಹೋಗಲಿಕ್ಕೇ ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ, ಹುಳಿಯಲು ಬಿಟ್ಟು, ತೊಳೆದು ಒಣಗಿಸುತ್ತಾರೆ. ಹಾಗೆ ಆದದ್ದು ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಚೆರ್ರಿ. ಕಣದ ತುಂಬ ಪಾರ್ಚ್‌ಮೆಂಟ್ ಹರಡಿತ್ತು. ಒಬ್ಬಾತ ಉದ್ದ ಹಿಡಿಯ ಮರದ ಹಲಗೆಯಿಂದ ಅದನ್ನು ಆ ತುದಿಯಿಂದ ಈ ತುದಿಗೆ ಗೆರೆ ಗೆರೆಯಾಗಿ ಎಳೆಯುತ್ತಿದ್ದ. ಮುಗಿದ ಕೂಡಲೇ ಅಡ್ಡಡ್ಡ ಶುರುಮಾಡಿದ. "ಈಗ ಒಂದು ಮಳೆ ಬಿತ್ತು ಅಂದ್ರೆ ಕಣದಲ್ಲಿರೋದೂ ಕೆಡುತ್ತೆ, ಗಿಡದಲ್ಲೂ ಹೊತ್ತಲ್ಲದ ಹೊತ್ತಲ್ಲಿ ಹೂ ಬಿಡುತ್ತೆ" ಅಂದರು ಯಜಮಾನರು, ಮೋಡವೇ ಇಲ್ಲದ ಆಕಾಶ ನೋಡುತ್ತ.

ನಾಲ್ಕೂವರೆಗೆ ತೂಕ. ಕುಯ್ದವರು ಚೀಲ ತಂದು ಸಾಲಾಗಿ ಇಟ್ಟರು, ರೈಟರ್ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ ಕಿಲೋ ಬರೆದುಕೊಂಡರು. ಕುಯ್ಲಿಗೆ ಬಂದವರಲ್ಲಿ ಅರ್ಧಕ್ಕರ್ಧ ಅಸ್ಸಾಮಿನವರು. ಈ ಜಿಲ್ಲೆಯ ತೋಟಗಳಲ್ಲಿ ಈಗ ಇದು ಹೊಸತಲ್ಲ. ರೈಟರ್ ಅವರ ಜೊತೆ ಹಿಂದಿಯಲ್ಲಿ, ಊರ ಹೆಂಗಸರ ಜೊತೆ ಕನ್ನಡದಲ್ಲಿ, ಯಜಮಾನರ ಜೊತೆ ಎರಡನ್ನೂ ಬೆರೆಸಿ ಮಾತಾಡುತ್ತಿದ್ದರು. ಒಬ್ಬ ಹುಡುಗಿ ತೂಕದ ಮುಳ್ಳು ನಿಲ್ಲುವ ತನಕ ಚೀಲದಿಂದ ಕಣ್ಣು ತೆಗೆಯಲಿಲ್ಲ. ಕಾಫಿಯ ಬಗ್ಗೆ ಪುಸ್ತಕದ ಜ್ಞಾನ ಬೇಕಾದವರಿಗೆ ಊರಲ್ಲಿ ಕಾಫಿ ಮಂಡಳಿಯ ಕಾಫಿ ಯಾತ್ರಾ ವಸ್ತುಸಂಗ್ರಹಾಲಯ ಇದೆ. ಸರ್ಕಾರಿ ವೇಳೆ ಪಾಲಿಸುವ ಜಾಗ, ಹೋಗುವ ಮುಂಚೆ ವಿಚಾರಿಸಿ. ನನಗೆ ಕೇಳಿದರೆ ಈ ಮುಕ್ಕಾಲು ಗಂಟೆಯ ತೂಕ ಸಾಕಿತ್ತು.

ಹಿಂತಿರುಗುವಾಗ ಹಿರೇಕೊಳಲೆ ಕೆರೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಅದು, ಏರಿಯ ತನಕ ಕಾರು ಹೋಗುತ್ತೆ, ಅಮ್ಮ ಹತ್ತು ಹೆಜ್ಜೆಗಿಂತ ಹೆಚ್ಚು ನಡೆಯಬೇಕಾಗಲಿಲ್ಲ. ನೀರಿನಾಚೆ ನಿನ್ನೆ ಹತ್ತಿದ ಬೆಟ್ಟಗಳ ಸಾಲು. ಅಣ್ಣ ಅಷ್ಟು ದಿನದಲ್ಲಿ ಮೊದಲ ಸಲ ಫೋನ್ ಜೇಬಿಗೆ ಹಾಕಿದ. ಸೂರ್ಯ ಮುಳುಗುವ ಹೊತ್ತಿಗೆ ಹುಡುಗರ ಬೈಕುಗಳೂ ಸ್ಪೀಕರುಗಳೂ ಬಂದವು, ನಾವು ಎದ್ದೆವು.

ರಾತ್ರಿ ಅಂಗಡಿ ಮುಚ್ಚುವ ಮೊದಲು ಎಂ.ಜಿ. ರಸ್ತೆಯ ಪಾಂಡುರಂಗ ಕಾಫಿಯಿಂದ ಪುಡಿ ತಂದದ್ದಾಯಿತು. ನನ್ನ ಗಂಡನಿಗೆ ಚಿಕೋರಿ ಸೇರಿಸದ್ದು ಬೇಕು, ಅಮ್ಮನಿಗೆ ಚಿಕೋರಿ ಇಲ್ಲದೆ ಡಿಕಾಕ್ಷನ್ ಗಟ್ಟಿ ಬರೋದಿಲ್ಲ. ಎರಡೂ ಬೇರೆ ಬೇರೆ ಕಟ್ಟಿಸಿದೆವು.

ಶುಕ್ರವಾರ

ವಾಪಸಿಗೆ ಬೇಲೂರಿನ ದಾರಿ ಹಿಡಿಯಲಿಲ್ಲ, ಜಾವಗಲ್ ರಸ್ತೆಯಲ್ಲಿ ಬೆಳವಾಡಿಗೆ ಹೋದೆವು, ಮೂವತ್ತು ಕಿಲೋಮೀಟರಿನೊಳಗೆ. ಇದು ಚಿಕ್ಕಮ್ಮನ ಷರತ್ತು. ಬೆಳವಾಡಿ ಅಂದ ಕೂಡಲೇ ಅಣ್ಣ ಮಲ್ಲಮ್ಮನ ಊರಾ ಅಂದ. "ಅದು ಬೆಳಗಾವಿ ಕಡೆಯದು ಕಣೋ" ಅಂತ ಮೇಡಂ ದನಿಯಲ್ಲಿ ಉತ್ತರ ಬಂತು. ಇದು ಎರಡನೇ ವೀರಬಲ್ಲಾಳನ ಕಾಲದ ವೀರನಾರಾಯಣ ದೇವಸ್ಥಾನ, 1200ರ ಸುಮಾರಿನದು. ತ್ರಿಕೂಟ: ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ. ಎರಡು ಗರ್ಭಗುಡಿ ಎದುರುಬದುರು, ಮೂರನೆಯದು ದೂರ ಹಿಂದೆ, ನಡುವೆ ಕಡೆದ ಕಂಬಗಳ ಉದ್ದನೆಯ ತಂಪು ಮಂಟಪ. ಹೊರಗೆ ಬೇಲೂರಿನಷ್ಟು ಕೆತ್ತನೆ ಇಲ್ಲ. ಒಳಗಿನ ಹರವು ಮಾತ್ರ ಬೇಲೂರಿಗೂ ಇಲ್ಲ. ಪೂಜೆಯೂ ಇದೆ, ಇತಿಹಾಸವೂ ಇದೆ, ಮೆಟ್ಟಿಲೂ ಕಮ್ಮಿ. ಅಮ್ಮ, ಚಿಕ್ಕಮ್ಮ ಇಬ್ಬರೂ ಒಪ್ಪಿದ ಏಕೈಕ ದೇವಸ್ಥಾನ ಇದೇ. ಕೊಳಲು ಹಿಡಿದ ವೇಣುಗೋಪಾಲನ ಮುಂದೆ ಅಕ್ಕತಂಗಿಯರು ಬಹಳ ಹೊತ್ತು ನಿಂತಿದ್ದರು. ನಮ್ಮನ್ನು ಬಿಟ್ಟರೆ ಅಲ್ಲಿ ಇದ್ದದ್ದು ಅರ್ಚಕರು ಮತ್ತು ಒಬ್ಬ ಶಾಲಾ ಮಾಸ್ತರು. ವಿಶ್ವ ಪರಂಪರೆಯ ಪಟ್ಟಿಯಲ್ಲಿ ಈ ಹೆಸರಿಲ್ಲದಿರುವುದರ ಲಾಭ.

ಹಳೇಬೀಡು ಅಲ್ಲಿಂದ ಹತ್ತಿರ. ಹೊಯ್ಸಳೇಶ್ವರನ ಗೋಡೆಯ ಆನೆ, ಕುದುರೆಗಳ ಸಾಲನ್ನು ಎಣಿಸುವ ಆಟ ಮಗನಿಗೆ ಸಾಕಾಯಿತು, ಹಸಿವೆಯೂ ಆಯಿತು, ಅಮ್ಮನ ಮಂಡಿಯೂ ಮಾತಾಡತೊಡಗಿತು. ಚಿಕ್ಕಮ್ಮನಿಗೆ ಇನ್ನೂ ಕೇದಾರೇಶ್ವರ ಬಾಕಿ, ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ ಬಾಕಿ. ಅಲ್ಲಿನ ಕಂಬಗಳ ಹೊಳಪಿನಲ್ಲಿ ಮುಖ ಕಾಣುತ್ತೆ ಅಂತ ಕೇಳಿದ ಮೇಲೆ ಅಣ್ಣನ ಮಗಳೂ ಕದಲಲೊಲ್ಲಳು. ಟೆಂಪೋ ಆಗಿದ್ದರೆ ಇಲ್ಲಿ ಜಗಳ ಖಾತ್ರಿ. ಅಣ್ಣನ ಕಾರು ಅವರಿಬ್ಬರಿಗೆ, ನಮ್ಮ ಕಾರು ಅಮ್ಮನಿಗೆ ಮತ್ತು ಊಟಕ್ಕೆ. ನಾವು ಹಾಸನದಲ್ಲಿ ಊಟ ಮುಗಿಸಿ ಚನ್ನರಾಯಪಟ್ಟಣ ದಾಟಿದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅವರಿನ್ನೂ ಬಸ್ತಿಹಳ್ಳಿಯಲ್ಲೇ ಇದ್ದರು. ಚಿಕ್ಕಮ್ಮ ಎರಡನೇ ಶಾಸನ ಓದುತ್ತಿದ್ದರಂತೆ, ಅವನು ಬಸದಿಯ ಜಗಲಿಯ ಮೇಲೆ ಕೂತು ಮೀಟಿಂಗ್ ಮಾಡುತ್ತಿದ್ದ. ನೆಟ್‌ವರ್ಕ್ ಹೋಟೆಲಿಗಿಂತ ಚೆನ್ನಾಗಿದೆ ಅಂದ.